ದಿವಾಡಿ: ಕದಂಬರ ಕುಲದೇವರು ನಡೆದ ದಾರಿ

ಮ್ಹಾಪಸೆಯ ಬಸ್ ನಿಲ್ದಾಣದಲ್ಲಿ ನಿಂತವರ ಕಣ್ಣಿಗೆ ದಿನವೂ ಬೀಳುವ ಹೆಸರು ‘ಕದಂಬ’. 1980ರಲ್ಲಿ ಸ್ಥಾಪನೆಗೊಂಡ ಗೋವಾದ ಸಾರಿಗೆ ನಿಗಮಕ್ಕೆ ಆ ಹೆಸರನ್ನಿಟ್ಟರು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಂದ ಬಂದು ಇಲ್ಲಿ ನೆಲೆನಿಂತ ನಮ್ಮವರು ಅದೇ ಬಸ್ಸುಗಳನ್ನೇರಿ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೆ ಈ ಹೆಸರು ಗೋವೆಗೆ ಹೇಗೆ ಬಂತೆಂದು ಕೇಳಿದರೆ ನಮ್ಮ ಉತ್ತರ ಬನವಾಸಿಯ ಮಯೂರವರ್ಮನಲ್ಲಿಗೆ ನಿಂತುಬಿಡುತ್ತದೆ. ಮಯೂರವರ್ಮನು 4ನೆಯ ಶತಮಾನದವನು. ಗೋವೆಯನ್ನಾಳಿದ ಕದಂಬರಾದರೋ, ತಾವು ಅದೇ ವಂಶದವರೆಂದು ಹೇಳಿಕೊಂಡು, ಶತಮಾನಗಳ ಅನಂತರ ತಲೆಯೆತ್ತಿದವರು. ಅವರ ಕುಲದೇವರ ನೆನಪು ಉಳಿದಿರುವ ತಾಣ ಮಾಂಡವಿ ನದಿಯ ನಡುವಿನ ಒಂದು ಶಾಂತ ದ್ವೀಪ. ಅದರ ಹೆಸರು ದಿವಾಡಿ; ಆಡುಮಾತಿನಲ್ಲಿ ದಿವಾರ್, ಹಳೆಯ ಹೆಸರು ದೀಪವತಿ.

ಗೋವಾ ಎಂದೊಡನೆ ಜಗತ್ತಿಗೆ ನೆನಪಾಗುವುದು ಕಲಂಗುಟ್, ಬಾಗಾಗಳ ಮರಳದಂಡೆ. ಊರಿನಿಂದ ನೆಂಟರು ಬಂದರೆ ನಾವೂ ಅವರನ್ನು ಅಲ್ಲಿಗೇ ಕರೆದೊಯ್ಯುತ್ತೇವೆ. ಆದರೆ ಕಡಲಿಗೆ ಬೆನ್ನು ಮಾಡಿ ಒಳನಾಡಿಗೆ ತಿರುಗಿದರೆ ಮತ್ತೊಂದು ಗೋವೆ ಕಾಣುತ್ತದೆ. ಅಲ್ಲಿ ಅಲೆಗಳ ಅಬ್ಬರವಿಲ್ಲ, ಅಂಗಡಿಗಳ ಗದ್ದಲವಿಲ್ಲ. ಭತ್ತದ ಗದ್ದೆ, ತೆಂಗಿನ ತೋಪು, ಕಾಂಡ್ಲಾ ಗಿಡಗಳ ಹಸಿರು ಅಂಚು, ಒಡ್ಡಿನ ಮೇಲೆ ಮೌನವಾಗಿ ನಿಂತ ಬೆಳ್ಳಕ್ಕಿ ಇವೇ ಅಲ್ಲಿನ ನೋಟ. ಕೊಂಕಣ ರೈಲು ಈ ದ್ವೀಪವನ್ನು ದಾಟಿ ಹೋಗುತ್ತದಾದರೂ ಇಲ್ಲಿ ನಿಲ್ಲುವುದಿಲ್ಲ. ದ್ವೀಪಕ್ಕೆ ಹೋಗಬೇಕಾದವರು ಫೇರಿ ಬೋಟನ್ನೇ ಹತ್ತಬೇಕು.

ಗೋವೆಯ ಕದಂಬರು

ಗೋವೆಯ ಕದಂಬರು ಮೊದಲು ದಕ್ಷಿಣದ ಚಂದ್ರಪುರದಿಂದ, ಎಂದರೆ ಇಂದಿನ ಚಾಂದೋರ್‌ನಿಂದ ಆಳಿದರು. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿಯ ಕಾಲಕ್ಕೆ ಝುವಾರಿ ನದಿಯ ದಂಡೆಯ ಗೋಪಕಪಟ್ಟಣವು ರಾಜಧಾನಿಯಾಗಿ ಮೆರೆಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಲದೇವಿಯನ್ನು ಎರಡನೆಯ ಜಯಕೇಶಿಯು ಮದುವೆಯಾದನು. ಅವರ ಮಗ ಶಿವಚಿತ್ತ ಪೆರ್ಮಾಡಿ. ಅವನ ರಾಣಿ ಕಮಲಾದೇವಿಯು ಬೆಳಗಾವಿ ಜಿಲ್ಲೆಯ ದೇಗಾಂವೆಯಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಖಾನಾಪುರ ತಾಲೂಕಿನ ಹಲಸಿಯೂ ಇವರ ಆಳ್ವಿಕೆಯ ಮುಖ್ಯ ಕೇಂದ್ರವಾಗಿತ್ತು. ಗೋವೆಯೊಳಗೆ ಇವರ ಕಾಲದ ಶಿಲ್ಪಕ್ಕೆ ಸಾಕ್ಷಿಯಾಗಿ ತಾಂಬ್ಡಿ ಸುರ್ಲಾದ ಕಾಡಿನ ನಡುವೆ ಕರಿಕಲ್ಲಿನ ಮಹಾದೇವ ದೇಗುಲ ನಿಂತಿದೆ. ಹೀಗೆ ಘಟ್ಟದ ಮೇಲಿನ ಬಯಲೂ ಘಟ್ಟದ ಕೆಳಗಿನ ಬಂದರೂ ಒಂದೇ ಅರಸೊತ್ತಿಗೆಯಲ್ಲಿ ಕೂಡಿದ್ದವು. ಅವರ ಶಾಸನಗಳಲ್ಲಿ ಕನ್ನಡವೂ ಇತ್ತು, ಸಂಸ್ಕೃತವೂ ಇತ್ತು.

ಇವರ ಬಂದರಿಗೆ ಅರಬರ ಹಡಗುಗಳು ಬರುತ್ತಿದ್ದವು. ಒಂದನೆಯ ಜಯಕೇಶಿಯ ಕಾಲದ ತಾಮ್ರಪಟವೊಂದು ಅರಬ ಮೂಲದ ಮನೆತನದ ಅಧಿಕಾರಿಯೊಬ್ಬನನ್ನು ಹೆಸರಿಸಿ, ಅವನು ಕಟ್ಟಿಸಿದ ಮಸೀದಿಯ ವೆಚ್ಚಕ್ಕೆಂದು ಬಂದರಿನ ಸುಂಕದಲ್ಲಿ ಪಾಲು ಗೊತ್ತುಮಾಡಿದುದನ್ನು ತಿಳಿಸುತ್ತದೆ. ಶಿವಭಕ್ತರಾದ ಅರಸರ ಆಸ್ಥಾನದಲ್ಲಿ ಇದಕ್ಕೂ ಎಡೆಯಿತ್ತೆಂಬುದನ್ನು ಮರೆಯಬಾರದು.

ಈ ಅರಸರ ಕುಲದೇವರು ದಿವಾಡಿಯ ಉತ್ತರದ ತುದಿಯಲ್ಲಿದ್ದ ಸಪ್ತಕೋಟೀಶ್ವರ. ಸಪ್ತ ಋಷಿಗಳ ದೀರ್ಘ ತಪಸ್ಸಿಗೆ ಮೆಚ್ಚಿ ಶಿವನು ಇಲ್ಲಿ ನೆಲಸಿದನೆಂಬುದು ಸ್ಥಳಪುರಾಣ. ಅರಸರ ಭಕ್ತಿಗೆ ಪುರಾಣಕ್ಕಿಂತ ಗಟ್ಟಿಯಾದ ಆಧಾರ ಅವರ ಚಿನ್ನದ ನಾಣ್ಯಗಳಲ್ಲಿದೆ. ಒಂದು ಮುಖದಲ್ಲಿ ಕದಂಬರ ಸಿಂಹ. ಇನ್ನೊಂದು ಮುಖದಲ್ಲಿ, ಸಪ್ತಕೋಟೀಶ್ವರನ ವರಪ್ರಸಾದವನ್ನು ಪಡೆದ ಅರಸನೆಂಬ ಅರ್ಥದ ನಾಗರಿ ಬರಹ. ಸಂತೆಯಲ್ಲಿ ಕೈಯಿಂದ ಕೈಗೆ ಸಾಗುವ ಹಣದ ಮೇಲೆಯೇ ದೇವರ ಹೆಸರನ್ನು ಅಚ್ಚೊತ್ತಿದರೆಂದ ಮೇಲೆ ಈ ದ್ವೀಪಕ್ಕೆ ಆ ರಾಜ್ಯದಲ್ಲಿ ಎಂಥ ಸ್ಥಾನವಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಿತ್ತುಹೋದ ಗುಡಿ, ಉಳಿದುಬಂದ ಲಿಂಗ

14ನೆಯ ಶತಮಾನದಲ್ಲಿ ಮೊದಲು ದೆಹಲಿಯ, ಬಳಿಕ ಬಹಮನಿಯ ಸೈನ್ಯಗಳು ಗೋವೆಗೆ ನುಗ್ಗಿದವು. ಕದಂಬರ ಆಳ್ವಿಕೆ ಮುಗಿಯಿತು, ಗುಡಿ ನೆಲಸಮವಾಯಿತು. 1380ರ ಸುಮಾರಿಗೆ ವಿಜಯನಗರದ ಪರವಾಗಿ ಗೋವೆಯನ್ನು ಗೆದ್ದ ಮಾಧವ ಮಂತ್ರಿಯು ಲಿಂಗವನ್ನು ಮರಳಿ ಪ್ರತಿಷ್ಠಾಪಿಸಿದನು. ಈತನು ವಿದ್ಯಾರಣ್ಯರೆಂದು ಹೆಸರಾದ ಮಾಧವಾಚಾರ್ಯರಲ್ಲ. ಹೆಸರು ಒಂದೇ ಆದುದರಿಂದ ನಮ್ಮ ಲೇಖನಗಳಲ್ಲಿ ಇಬ್ಬರನ್ನೂ ಬೆರೆಸುವುದುಂಟು. ವಿಜಯನಗರಕ್ಕೆ ಗೋವೆ ಬೇಕಾಗಿದ್ದುದು ಅರಬಸ್ತಾನದ ಕುದುರೆಗಳಿಗಾಗಿ. ಕುದುರೆ ಕೊಳ್ಳಲು ಬಂದವರು ಕುಲದೇವರಿಲ್ಲದ ಗುಡಿಯನ್ನೂ ಎತ್ತಿ ನಿಲ್ಲಿಸಿದರು.

1472ರಲ್ಲಿ ಬಹಮನಿಯ ಮಂತ್ರಿ ಮಹಮೂದ್ ಗವಾನನು ಗೋವೆಯನ್ನು ಮತ್ತೆ ಗೆದ್ದುಕೊಂಡನು. ಮುಂದೆ ಅದು ವಿಜಯಪುರದ ಆದಿಲಶಾಹಿಗೆ ಸೇರಿ, 1510ರಲ್ಲಿ ಪೋರ್ಚುಗೀಸರ ವಶವಾಯಿತು. 1540ರ ಸುಮಾರಿನಲ್ಲಿ ತಿಸವಾಡಿಯ ದೇವಾಲಯಗಳನ್ನು ಕೆಡಹುವ ಕಾರ್ಯ ನಡೆದಾಗ ಸಪ್ತಕೋಟೀಶ್ವರನ ಗುಡಿಯೂ ಬಿತ್ತು. ಲಿಂಗವನ್ನು ಬಾವಿಯ ಕಟ್ಟೆಗೆ ಬಳಸಿದ್ದರೆಂದೂ ಭಕ್ತರು ಅದನ್ನು ಗುಟ್ಟಾಗಿ ಹೊಳೆ ದಾಟಿಸಿದರೆಂದೂ ಜನ ಹೇಳುತ್ತಾರೆ. ಎದುರು ದಡದ ಡಿಚೋಲಿ ಆಗ ಆದಿಲಶಾಹಿಯ ಸೀಮೆ. ಪೋರ್ಚುಗೀಸರ ಕಟ್ಟಳೆ ಅಲ್ಲಿ ನಡೆಯುತ್ತಿರಲಿಲ್ಲ. ಹೊಳೆಯ ಅಗಲವೇ ದೇವರಿಗೆ ಕಾವಲಾಯಿತು. ದ್ವೀಪದ ತಮ್ಮ ಊರಿನ ಹೆಸರಾದ ನಾರ್ವೆಯನ್ನೇ ಭಕ್ತರು ಹೊಸ ನೆಲೆಗೂ ಇಟ್ಟುಕೊಂಡರು. ಆದ್ದರಿಂದ ಇಂದಿಗೂ ಹೊಳೆಯ ಎರಡೂ ಮಗ್ಗುಲಲ್ಲಿ ಒಂದೊಂದು ನಾರ್ವೆಯಿದೆ. ದಿವಾಡಿಯ ಗಣಪತಿಯೂ ಇದೇ ರೀತಿ ಊರೂರು ದಾಟಿ ಖಾಂಡೋಳೆಯಲ್ಲಿ ನೆಲೆಗೊಂಡನು.

1668ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ನಾರ್ವೆಯ ಗುಡಿಯ ಜೀರ್ಣೋದ್ಧಾರಕ್ಕೆ ಆಜ್ಞೆ ಮಾಡಿದರು. ಬಾಗಿಲ ಮೇಲಿನ ನಾಗರಿ ಶಿಲಾಲೇಖವು ಅದನ್ನು ಸಾರುತ್ತದೆ. ಜಂಬಿಟ್ಟಿಗೆಯ ಗೋಡೆ, ಹೆಂಚಿನ ಇಳಿಮಾಡು, ಗುಮ್ಮಟದಂತಹ ಶಿಖರ, ಮುಂದೆ ದೀಪಸ್ತಂಭ. ಒಳಗೆ ಮೈಮೇಲೆ ಧಾರೆಗಳಿರುವ ಧಾರಾಲಿಂಗ. ಗೋವಾ ಸರಕಾರವು ಈ ದೇವಾಲಯವನ್ನು ದುರಸ್ತಿಗೊಳಿಸಿ 2023ರಲ್ಲಿ ಮತ್ತೆ ತೆರೆಯಿತು.

ದ್ವೀಪದ ಇಂದಿನ ಬಾಳು

ನಾರ್ವೆಯಿಂದ ಫೇರಿ ಬೋಟಿನಲ್ಲಿ ದಿವಾಡಿಗೆ ದಾಟಿದರೆ ಮೂಲ ಗುಡಿಯಿದ್ದ ಸ್ಥಳ ಹತ್ತಿರದಲ್ಲೇ ಇದೆ. ಅಲ್ಲಿ ಕೋಟಿತೀರ್ಥವೆಂಬ ಪುಷ್ಕರಣಿ ಉಳಿದಿದೆ. ಅಲ್ಲಿಂದ ಗದ್ದೆಗಳ ನಡುವೆ ಸಾಗಿ ಪಿಯೆದಾದ್ ಗುಡ್ಡವನ್ನೇರಿದರೆ ಕರುಣಾಮಾತೆಯ ಇಗರ್ಜಿ ಇದೆ. ಇದರ ಈಗಿನ ಕಟ್ಟಡ 18ನೆಯ ಶತಮಾನದ ಮೊದಲ ಭಾಗದ್ದು. ಪಕ್ಕದ ಸಮಾಧಿಭೂಮಿಯ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಕದಂಬರ ಕಾಲದ ಗುಡಿಯ ಕೆತ್ತನೆಯ ಕಲ್ಲಿನ ಮೇಲ್ಛಾವಣಿ ಉಳಿದಿದೆ. ಅದರ ಕೆಳಗೆ ನಿಂತು ನೋಡಿದವರಿಗೆ ದೇಗಾಂವೆಯೂ ಹಲಸಿಯೂ ನೆನಪಾಗದೆ ಇರಲಾರವು. ಗುಡ್ಡದ ಮೇಲಿನಿಂದ ಮಾಂಡವಿಯ ಆಚೆ ಹಳೆಗೋವೆಯ ಇಗರ್ಜಿಗಳ ಗೋಪುರಗಳು ಕಾಣುತ್ತವೆ. ಒಂದು ಕಾಲದ ಆ ಮಹಾನಗರವು ಕಾಯಿಲೆಗಳಿಗೆ ತುತ್ತಾಗಿ ಬರಿದಾಯಿತು. ನಗರವಾಗದ ದಿವಾಡಿ ಹಳ್ಳಿಯಾಗಿಯೇ ಉಳಿಯಿತು.

ಉಳಿಯಲು ಒಂದು ಕಾರಣ ಅದರ ಖಾಜನ ಭೂಮಿ. ಉಬ್ಬರದ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿ, ಅದಕ್ಕೆ ಮರದ ತೂಬಿನ ಬಾಗಿಲಿಟ್ಟು, ಮಳೆಗಾಲದಲ್ಲಿ ಭತ್ತವನ್ನೂ ಉಳಿದ ಕಾಲದಲ್ಲಿ ಮೀನು ಸಿಗಡಿಗಳನ್ನೂ ಪಡೆಯುವ ಪದ್ಧತಿ ಇದು. ಉಬ್ಬರದಲ್ಲಿ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಉತ್ತರ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಘನಾಶಿನಿಯ ದಂಡೆಯಲ್ಲಿ ಇದನ್ನೇ ಗಜನಿ ಎನ್ನುತ್ತಾರೆ. ಉಪ್ಪನ್ನು ತಾಳಿಕೊಳ್ಳುವ ನಮ್ಮ ಕಗ್ಗ ಭತ್ತಕ್ಕೆ ಇಲ್ಲಿನ ಜೊತೆಗಾರ ಕೊರ್ಗುಟ್. ಒಡ್ಡಿನ ರಕ್ಷಣೆ ಒಬ್ಬನಿಂದಾಗುವ ಕೆಲಸವಲ್ಲ. ಅದಕ್ಕಾಗಿ ಗಾಂವಕಾರಿ ಎಂಬ ಗ್ರಾಮಸಂಸ್ಥೆ ಪೋರ್ಚುಗೀಸರಿಗಿಂತ ಮೊದಲೇ ಇಲ್ಲಿತ್ತು. 1526ರಲ್ಲಿ ಪೋರ್ಚುಗೀಸರು ಅದರ ಕಟ್ಟಳೆಗಳನ್ನು ಬರೆದಿಟ್ಟುಕೊಂಡು ಮುಂದುವರಿಸಿದರು. ಗುಡಿ ಕೆಡವಿದವರೂ ಒಡ್ಡನ್ನು ಕೆಡವಲಿಲ್ಲ. ಒಡ್ಡು ಒಡೆದರೆ ಊಟವಿಲ್ಲವೆಂಬುದು ಎಲ್ಲ ಅರಸರಿಗೂ ಗೊತ್ತಿತ್ತು.

ಆಗಸ್ಟ್ ತಿಂಗಳ ನಾಲ್ಕನೆಯ ಶನಿವಾರ ದ್ವೀಪದಲ್ಲಿ ಬೊಂದೆರಾಂ ಹಬ್ಬ. ಬಾವುಟ ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದ ಹೆಸರಿದು. ವಾಡೆಗಳ ನಡುವೆ ಗಡಿಯ ಜಗಳವಾದಾಗ ಸರಕಾರ ನೆಟ್ಟ ಬಾವುಟಗಳನ್ನು ಜನ ಹೊಡೆದುರುಳಿಸುತ್ತಿದ್ದರಂತೆ. ಆ ಜಗಳ ಇಂದು ಮೆರವಣಿಗೆಯಾಗಿ, ಬಿದಿರಿನ ಆಟದ ಕೋವಿಯಾಗಿ, ಮಕ್ಕಳ ನಗೆಯಾಗಿ ಉಳಿದಿದೆ. ಗಡಿಯ ಜಗಳವನ್ನು ಹೀಗೂ ಮುಗಿಸಬಹುದೆಂಬ ಪಾಠ ಗಡಿನಾಡಿನಿಂದ ಬಂದ ನಮಗೆ ಬೇಡವೆನ್ನಲಾಗದು.

ನಮಗೆ ಇದರಿಂದ ತಿಳಿಯಬೇಕಾದುದು

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಕೆಲವೊಮ್ಮೆ ‘ಹೊರಗಿನವರು’ ಎಂದು ಕರೆಯುವುದುಂಟು. ಆ ಮಾತು ನೋಯಿಸುತ್ತದೆ, ನಿಜ. ಅದಕ್ಕೆ ಉತ್ತರವಾಗಿ ನಮ್ಮ ವೇದಿಕೆಗಳಲ್ಲಿ ‘ಗೋವೆ ಒಂದು ಕಾಲಕ್ಕೆ ನಮ್ಮದೇ ಆಗಿತ್ತು’ ಎಂಬ ಮಾತು ಕೇಳಿಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಈ ಉತ್ತರವನ್ನು ನಾನು ಒಪ್ಪಲಾರೆ. ದಿವಾಡಿಯ ಇತಿಹಾಸವೇ ಅದನ್ನು ಒಪ್ಪುವುದಿಲ್ಲ.

ಸಪ್ತಕೋಟೀಶ್ವರನನ್ನು ಆರಾಧಿಸಿದ ಅರಸರು ಕನ್ನಡದಲ್ಲಿ ಶಾಸನ ಬರೆಸಿದರು. ಬಿದ್ದ ಲಿಂಗವನ್ನು ಎತ್ತಿ ನಿಲ್ಲಿಸಿದ್ದು ವಿಜಯನಗರದ ಮಂತ್ರಿ. ಜೀವದ ಹಂಗು ತೊರೆದು ಹೊಳೆ ದಾಟಿಸಿದವರು ಕೊಂಕಣಿ ಮಾತಿನ ಹಳ್ಳಿಗರು. ಅದಕ್ಕೆ ಆಶ್ರಯವಿತ್ತ ನೆಲ ಮುಸಲ್ಮಾನ ಸುಲ್ತಾನನದು. ಗುಡಿಯನ್ನು ಮರಳಿ ಕಟ್ಟಿಸಿದವರು ಮರಾಠರ ಛತ್ರಪತಿ. ಕದಂಬರ ಮೇಲ್ಛಾವಣಿಯನ್ನು ಇಂದು ಮಳೆಗಾಳಿಯಿಂದ ಕಾಪಾಡುತ್ತಿರುವುದು ಕ್ರೈಸ್ತರ ಸಮಾಧಿಭೂಮಿ. ಇವರಲ್ಲಿ ಒಬ್ಬರನ್ನು ಬಿಟ್ಟರೂ ಕಥೆ ಅಲ್ಲಿಗೇ ಕಡಿದುಹೋಗುತ್ತದೆ. ಆಳಿದವರು ಹೋದರು, ಕಾಪಾಡಿದವರಿಂದ ಉಳಿಯಿತು. ಆದ್ದರಿಂದ ಈ ನೆಲದೊಡನೆ ನಮಗಿರುವ ನಂಟನ್ನು ಒಡೆತನವೆನ್ನುವುದಕ್ಕಿಂತ ಋಣವೆನ್ನುವುದು ಸರಿ. ಋಣವಿದ್ದವನು ನೆರೆಯವರ ನುಡಿಯನ್ನು ಕಲಿಯುತ್ತಾನೆ, ನೆರೆಯವರ ಒಡ್ಡು ಒಡೆಯದಂತೆ ಕೈಜೋಡಿಸುತ್ತಾನೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಸೊಗಸಾಗಿ ಆಡುವ ಮಗುವನ್ನು ಹೊರಗಿನದೆಂದು ಕರೆಯುವುದು ಯಾರಿಗೂ ಸುಲಭವಾಗದು.

ಸಂಘದ ಕುಟುಂಬಗಳಿಗೆ ನನ್ನ ಸೂಚನೆ ಇಷ್ಟೇ. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರವನ್ನು ಇದಕ್ಕಾಗಿ ತೆಗೆದಿಡಿರಿ. ಮ್ಹಾಪಸೆಯಿಂದ ಅಸ್ನೋಡೆ, ಡಿಚೋಲಿಯ ಮಾರ್ಗವಾಗಿ ಮೊದಲು ನಾರ್ವೆಗೆ ಹೋಗಿ, ಬಾಗಿಲ ಮೇಲಿನ ಶಿಲಾಲೇಖವನ್ನು ಮಕ್ಕಳಿಂದಲೇ ಓದಿಸಿರಿ. ಬಳಿಕ ಫೇರಿ ದಾಟಿ ಕೋಟಿತೀರ್ಥವನ್ನೂ ಪಿಯೆದಾದ್ ಗುಡ್ಡವನ್ನೂ ನೋಡಿರಿ. ಸಂಜೆ ದ್ವೀಪದ ಇನ್ನೊಂದು ಬದಿಯ ಫೇರಿಯಲ್ಲಿ ಹಳೆಗೋವೆಗೆ ಇಳಿದು, ಪಣಜಿಯ ಮೂಲಕ ಹಿಂತಿರುಗಬಹುದು. ಬುತ್ತಿಯನ್ನೂ ಕುಡಿಯುವ ನೀರನ್ನೂ ಜೊತೆಗೆ ಒಯ್ಯಿರಿ. ಕಸವನ್ನು ಮರಳಿ ತನ್ನಿರಿ. ಧ್ವನಿವರ್ಧಕ ಬೇಡ. ಸಮಾಧಿಭೂಮಿಯಲ್ಲಿ ನೆಲದಡಿ ಮಲಗಿದವರು ಆ ಊರಿನವರ ತಂದೆತಾಯಿಗಳೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಿ. ಒಳಗೆ ಹೋಗುವ ಮುನ್ನ ಅಲ್ಲಿರುವವರನ್ನು ಕೇಳಿ, ಕೊಂಕಣಿಯಲ್ಲೇ ಕೇಳಿ, ಒಪ್ಪಿಗೆ ಪಡೆಯಿರಿ.