ಸಲಹೆಗೆ ಸಮಜಾಯಿಷಿ: ಕ್ಯಾಲಿಫೋರ್ನಿಯದ ಕೌಂಟಿ ಮಾನಸಿಕ ಆರೋಗ್ಯ ಮಂಡಳಿಗಳ ಅಧಿಕಾರದ ಪ್ರಶ್ನೆ

ಸಲಹಾ ಸಮಿತಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಶೆರಿ ಆರ್ನ್‌ಸ್ಟೀನ್ ಅವರ ಏಣಿಯಿಂದ ಶುರುಮಾಡುತ್ತಾರೆ. ಈ ಲೇಖನವೂ ಅದಕ್ಕೆ ಹೊರತಲ್ಲ. ಅಮೆರಿಕದ ಯೋಜನಾಕಾರರ ಪತ್ರಿಕೆಯಲ್ಲಿ 1969ರಲ್ಲಿ ಅಚ್ಚಾದ ಅವರ ಪ್ರಬಂಧ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿತು. ಅಧಿಕಾರಿಗಳು ತಂದದ್ದಕ್ಕೆ ಮೊಹರು ಒತ್ತುವ ಸಲಹಾ ಸಮಿತಿಗಳಿಗೆ ಅಲ್ಲಿ ಸಿಕ್ಕಿದ್ದು ಬುಡದ ಮೆಟ್ಟಿಲು. ಆಯ್ದ ನಾಲ್ವರಿಗೆ ಕುರ್ಚಿ ಕೊಟ್ಟು ತೀರ್ಮಾನದ ಹಕ್ಕನ್ನು ಅಧಿಕಾರಸ್ಥರೇ ಇಟ್ಟುಕೊಂಡರೆ ಅದು ಐದನೆಯದು: ಬಾಯಿ ಮುಚ್ಚಿಸುವ ಸಮಾಧಾನ.

ಪಾಲ್ಗೊಳ್ಳುವಿಕೆ ಹೀಗೆ ಮೆಟ್ಟಿಲು ಹತ್ತುತ್ತ ಹೋಗುವುದಿಲ್ಲ, ಎಲ್ಲರಿಗೂ ತುದಿಯೇ ಬೇಕೆಂದೂ ಇಲ್ಲ ಎಂಬ ಆಕ್ಷೇಪಗಳು ಈಗ ಹಳೆಯವು; ಒಪ್ಪಿ ಮುಂದೆ ಹೋಗಬಹುದು. ನನ್ನ ತಕರಾರು ಬೇರೆ. ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ಏಣಿ ಅಳೆಯುತ್ತದೆ. ಸಲಹೆಯನ್ನು ತಳ್ಳಿಹಾಕಿದವರು ಅದಕ್ಕೆ ಉತ್ತರ ಕೊಡಬೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಮೆಟ್ಟಿಲಿಲ್ಲ.

ಈ ಪ್ರಶ್ನೆಯನ್ನು ಕ್ಯಾಲಿಫೋರ್ನಿಯದ ಕೌಂಟಿ ಮಂಡಳಿಗಳಲ್ಲಿಟ್ಟು ನೋಡುತ್ತೇನೆ. ಕೌಂಟಿ ಎಂದರೆ ಜಿಲ್ಲೆ ಎಂದುಕೊಂಡರೆ ಕನ್ನಡದ ಓದುಗ ದಾರಿ ತಪ್ಪುತ್ತಾನೆ. ಅಲ್ಲಿ ಜಿಲ್ಲಾಧಿಕಾರಿ ಇಲ್ಲ. ಕ್ಯಾಲಿಫೋರ್ನಿಯದ 58 ಕೌಂಟಿಗಳನ್ನು ಆಳುವವರು ಚುನಾಯಿತ ಸೂಪರ್‌ವೈಸರ್‌ಗಳು, ಸಾಮಾನ್ಯವಾಗಿ ಐವರು. ಗ್ರಂಥಾಲಯ, ಉದ್ಯಾನ, ವಿಮಾನ ನಿಲ್ದಾಣ ಎಂದು ಅವರು ನೇಮಿಸುವ ಸ್ವಯಂಸೇವಕ ಮಂಡಳಿಗಳು ಎಷ್ಟಿರುತ್ತವೆಂದರೆ, ಮುಂದಿನ ವರ್ಷ ಯಾರ ಅವಧಿ ಮುಗಿಯುತ್ತದೆಂಬ ಪಟ್ಟಿಯನ್ನು ಪ್ರತಿ ಡಿಸೆಂಬರ್ 31ರೊಳಗೆ ಸಿದ್ಧಪಡಿಸಬೇಕೆಂದು ಮ್ಯಾಡಿ ಕಾಯ್ದೆ ವಿಧಿಸುತ್ತದೆ. ಇವುಗಳಲ್ಲಿ ಮಾನಸಿಕ ಆರೋಗ್ಯ ಮಂಡಳಿಯನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದರ ರಚನೆ ಕೌಂಟಿಯ ಮರ್ಜಿಗೆ ಬಿಟ್ಟದ್ದಲ್ಲ, ರಾಜ್ಯದ ಕಾನೂನೇ ಅದನ್ನು ಕಟ್ಟಿಕೊಟ್ಟಿದೆ. ಸಣ್ಣ ಕೌಂಟಿಗಳನ್ನು ಬಿಟ್ಟರೆ ಸದಸ್ಯರು 10ರಿಂದ 15. ಅರ್ಧದಷ್ಟು ಮಂದಿ ಚಿಕಿತ್ಸೆ ಪಡೆದವರು ಇಲ್ಲವೆ ಅವರ ಮನೆಯವರು. ಅದರೊಳಗೂ ಚಿಕಿತ್ಸೆ ಪಡೆದವರೇ ಒಟ್ಟು ಸದಸ್ಯರ ಶೇ. 20ಕ್ಕಿಂತ ಕಡಿಮೆ ಇರಬಾರದು. ಒಬ್ಬ ಸೂಪರ್‌ವೈಸರ್ ಕೂಡ ಕೂರುತ್ತಾರೆ. ಇದನ್ನು ಸಲಹಾ ಮಂಡಳಿ ಎನ್ನಬೇಕೆ, ಆಯೋಗ ಎನ್ನಬೇಕೆ ಎಂಬುದು ಮಾತ್ರ ಕೌಂಟಿಯ ಇಷ್ಟ. ಆಯೋಗವೆಂಬ ಹೆಸರಿನಿಂದ ಅಧಿಕಾರವೇನೂ ಹೆಚ್ಚುವುದಿಲ್ಲ.

ಸಲಹೆಗೆ ಉತ್ತರ ಕೊಡಬೇಕೆಂಬ ನಿಯಮದ ಬೀಜ ಇರುವುದು ರಾಜ್ಯದ ಮತದಾರರು ಒಪ್ಪಿದ 2004ರ 63ನೇ ಪ್ರಸ್ತಾವದಲ್ಲಿ. ಹತ್ತು ಲಕ್ಷ ಡಾಲರಿಗೆ ಮೇಲ್ಪಟ್ಟ ವೈಯಕ್ತಿಕ ಆದಾಯದ ಮೇಲೆ ಶೇ. 1ರ ಹೆಚ್ಚುವರಿ ತೆರಿಗೆ ಹಾಕಿ, ಆ ಹಣವನ್ನು ಮಾನಸಿಕ ಆರೋಗ್ಯ ಸೇವೆಗಳಿಗೆ ಬಳಸಲು ಪ್ರತಿ ಕೌಂಟಿಯೂ ಮೂರು ವರ್ಷದ ಯೋಜನೆ ಬರೆಯಬೇಕೆಂದು ಅದು ವಿಧಿಸಿತು. ಕರಡನ್ನು 30 ದಿನ ಸಾರ್ವಜನಿಕರ ಮುಂದಿಡಬೇಕು. ಆ ಅವಧಿ ಮುಗಿದಾಗ ಅಹವಾಲು ಸಭೆ ನಡೆಸುವ ಹೊಣೆ ಕೌಂಟಿಯ ಮಾನಸಿಕ ಆರೋಗ್ಯ ಇಲಾಖೆಗಲ್ಲ, ಮಂಡಳಿಗೆ. ಬಂದ ಶಿಫಾರಸುಗಳನ್ನು ಅಂತಿಮ ಯೋಜನೆ ಸಂಗ್ರಹಿಸಿ ವಿಶ್ಲೇಷಿಸಬೇಕು. ಮುಂದೆ ಬಂದ ತಿದ್ದುಪಡಿಯೊಂದು ಇನ್ನೂ ಒಂದು ಹೆಜ್ಜೆ ಇಟ್ಟಿತು: ಮಂಡಳಿಯ ಗಣನೀಯ ಶಿಫಾರಸನ್ನು ಯೋಜನೆಯಲ್ಲಿ ಸೇರಿಸದಿದ್ದರೆ, ಅದೇಕೆಂದು ಇಲಾಖೆ ಸೂಪರ್‌ವೈಸರ್‌ಗಳಿಗೂ ರಾಜ್ಯದ ಇಲಾಖೆಗೂ ವರ್ಷಕ್ಕೊಮ್ಮೆ ಲಿಖಿತ ವಿವರಣೆ ಕೊಡಬೇಕು.

ನಮ್ಮ ಕಚೇರಿಗಳ ಭಾಷೆಯಲ್ಲಿ ಇದಕ್ಕೆ ಸಮಜಾಯಿಷಿ ಎನ್ನುತ್ತೇವೆ. ಮೇಲಿನವರು ಕೆಳಗಿನವರಿಂದ ಅದನ್ನು ಕೇಳುವುದು ವಾಡಿಕೆ. ಇಲ್ಲಿ ಸಂಬಳವಿಲ್ಲದೆ ಸಭೆಗೆ ಬಂದು ಹೋಗುವ ಹತ್ತು ಹದಿನೈದು ಜನರ ಒಂದು ವಾಕ್ಯ ಇಲಾಖೆಯ ನಿರ್ದೇಶಕರಿಂದ ಸಮಜಾಯಿಷಿ ಬರೆಸಬಲ್ಲದು. ಇದು ಬಾಯಿ ಮುಚ್ಚಿಸುವ ಸಮಾಧಾನವೂ ಅಲ್ಲ, ಪಾಲುದಾರಿಕೆಯೂ ಅಲ್ಲ. ಆರ್ನ್‌ಸ್ಟೀನ್ ಅವರ ಏಣಿಯಲ್ಲಿ ಇದಕ್ಕೆ ಹೆಸರಿಲ್ಲ ಎಂಬುದೇ ನನ್ನ ವಾದ.

ಈ ವಾದವನ್ನು ಎಷ್ಟು ದೂರ ಎಳೆಯಬಹುದು? ತುಂಬ ದೂರವಲ್ಲ. ಸಮಜಾಯಿಷಿ ಮಂಡಳಿಯ ವಿಳಾಸಕ್ಕೆ ಬರುವುದಿಲ್ಲ, ಅದರ ತಲೆಯ ಮೇಲಿಂದ ಹಾದುಹೋಗುತ್ತದೆ. ಸೂಪರ್‌ವೈಸರ್‌ಗಳ ಸಭೆಯಲ್ಲಿ ಇಂಥ ವರದಿಗಳಿಗೆ ಕಾದಿರುವ ನಿರ್ಣಯ ಸಾಮಾನ್ಯವಾಗಿ ‘ಸ್ವೀಕರಿಸಿ ಕಡತಕ್ಕೆ ಸೇರಿಸುವುದು’. ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಮುಗಿಯುವ ಸಮ್ಮತಿ ಪಟ್ಟಿಗೆ ಸೇರಿದರಂತೂ ಅದನ್ನು ಯಾರೂ ತೆರೆದು ನೋಡದೆ ಇರಬಹುದು. ‘ಗಣನೀಯ’ ಎಂಬ ಪದ ಇನ್ನೂ ಜಾರುವಂಥದು. ಎರಡು ಶಿಫಾರಸುಗಳನ್ನು ಕಲ್ಪಿಸಿಕೊಳ್ಳೋಣ. ‘ಯುವಜನರ ಸೇವೆಗಳನ್ನು ಉತ್ತಮಪಡಿಸಬೇಕು’ ಎಂಬುದು ಮೊದಲನೆಯದು. ‘ಸಂಚಾರಿ ತುರ್ತು ತಂಡ ರಾತ್ರಿ 10ರ ನಂತರವೂ ಕೆಲಸ ಮಾಡಬೇಕು’ ಎಂಬುದು ಎರಡನೆಯದು. ಮೊದಲನೆಯದಕ್ಕೆ ‘ಈಗಾಗಲೇ ಮಾಡುತ್ತಿದ್ದೇವೆ’ ಎಂದು ಇಲಾಖೆ ಕೈತೊಳೆದುಕೊಳ್ಳುತ್ತದೆ. ಎರಡನೆಯದಕ್ಕೆ ಹಾಗೆ ಹೇಳಲಾಗದು; ಹೌದೋ ಅಲ್ಲವೋ ಎಂದು ಬರೆಯಲೇಬೇಕು.

ಎರಡನೆಯ ಬಗೆಯ ವಾಕ್ಯ ಬರೆಯುವುದು ಸ್ವಯಂಸೇವಕರಿಗೆ ಸುಲಭವೂ ಅಲ್ಲ. 1953ರ ಬ್ರೌನ್ ಕಾಯ್ದೆ ಈ ಮಂಡಳಿಗಳಿಗೂ ಅನ್ವಯಿಸುತ್ತದೆ. ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಬಹುಮತದಷ್ಟು ಸದಸ್ಯರು ಸಭೆಯ ಹೊರಗೆ, ಇಮೇಲ್ ಸರಪಳಿಯಲ್ಲಿ ಕೂಡ, ಮಂಡಳಿಯ ವಿಷಯ ಚರ್ಚಿಸುವಂತಿಲ್ಲ. ಗುಟ್ಟಿನ ತೀರ್ಮಾನ ತಡೆಯಲು ಹುಟ್ಟಿದ ಕಟ್ಟು ಇದು. ತೀರ್ಮಾನವನ್ನೇ ಮಾಡದವರ ಕೈಯನ್ನೂ ಕಟ್ಟಿದೆ. ತಿಂಗಳಿಗೊಮ್ಮೆ ಸೇರುವ ಮಂಡಳಿಗೆ ಆ 30 ದಿನಗಳಲ್ಲಿ ಹೆಚ್ಚೆಂದರೆ ಒಂದೆರಡು ಸಭೆ ದಕ್ಕಬಹುದು. ಕೋರಂಗಿಂತ ಕಡಿಮೆ ಸದಸ್ಯರ ತಾತ್ಕಾಲಿಕ ಉಪಸಮಿತಿ ಮಾಡಿ ಕರಡು ತಿದ್ದುವ ಮಂಡಳಿಗಳಿಗೆ ಮಾತ್ರ ಮೇಲೆ ಹೇಳಿದ ಬಲ ಒದಗಬಹುದು ಎಂಬುದು ನನ್ನ ಊಹೆ. ಹಾಗಾದರೆ ಬಲ ಕಾನೂನಿನದೋ, ಕರಡು ಬರೆಯಬಲ್ಲ ಒಬ್ಬಿಬ್ಬರದೋ ಎಂಬ ಅನುಮಾನವೂ ನ್ಯಾಯವೇ.

2024ರ ಒಂದನೇ ಪ್ರಸ್ತಾವ ಈ ಮಂಡಳಿಗಳ ವ್ಯಾಪ್ತಿಗೆ ವ್ಯಸನ ಚಿಕಿತ್ಸೆಯನ್ನೂ ಸೇರಿಸಿದೆ, ಹೆಸರನ್ನೂ ಬದಲಿಸಿದೆ. ಹಾಗಾಗಿ ನನ್ನ ಓದು ಹಳೆಯ ಚೌಕಟ್ಟಿಗೆ ಸೀಮಿತ. ಅದನ್ನು ಪರೀಕ್ಷಿಸಬೇಕಾದರೆ ಕೆಲವು ಕೌಂಟಿಗಳ ಕರಡು, ಸಭೆಯ ನಡವಳಿ, ಸಮಜಾಯಿಷಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮೂರು ವರ್ಷ ಕಳೆದು ಅದೇ ಶಿಫಾರಸು ಮತ್ತೆ ಬಂದಾಗ ಇಲಾಖೆ ಹೊಸ ಕಾರಣ ಕೊಟ್ಟಿದೆಯೆ, ಹಳೆಯದನ್ನೇ ನಕಲು ಮಾಡಿದೆಯೆ ಎಂದು ನೋಡಬೇಕು. ನಕಲೇ ಹೆಚ್ಚಾಗಿ ಸಿಕ್ಕರೆ ಆರ್ನ್‌ಸ್ಟೀನ್ ಅವರ ಐದನೇ ಮೆಟ್ಟಿಲಿಗೆ ನಾನು ಮರಳಬೇಕಾಗುತ್ತದೆ.