ಐದು ಸಾವಿರಕ್ಕೊಂದ್ಸಲ ಅಂತ ಹೇಳಿದ್ಯಾರು?

ಹೊಸ ಕಾರು ತಗೊಂಡ ಮೊದಲ ವಾರದಲ್ಲೇ ಎಲ್ಲರಿಗೂ ಸಿಗುವ ಉಪದೇಶ ಒಂದಿದೆ. "ಐದು ಸಾವಿರ ಕಿಲೋಮೀಟರಿಗೆ ಒಂದ್ಸಲ ಆಯಿಲ್ ಚೇಂಜ್ ಮಾಡಿಸ್ಬಿಡಿ, ಗಾಡಿ ಇಪ್ಪತ್ತು ವರ್ಷ ಬರುತ್ತೆ." ಪಕ್ಕದ ಮನೆಯವರು ಹೇಳ್ತಾರೆ, ಗ್ಯಾರೇಜಿನವರು ಹೇಳ್ತಾರೆ, ಕಾರೇ ಇಲ್ಲದ ಮಾವನೂ ಹೇಳ್ತಾರೆ. ಆದರೆ ಡ್ಯಾಶ್‌ಬೋರ್ಡಿನ ಒಳಗೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುತ್ತಲ್ಲ ಮ್ಯಾನುಯಲ್, ಅದು ಬೇರೆಯದನ್ನೇ ಹೇಳುತ್ತೆ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಒಂದಕ್ಕೆ ಎರಡರಷ್ಟು ವ್ಯತ್ಯಾಸ! ಯಾರ ಮಾತು ಕೇಳಬೇಕು? ಸ್ನೇಹಿತರೇ, ಇದಕ್ಕೆ ಉತ್ತರ ಬೇಕು ಅಂದ್ರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಎತ್ತಿನ ಗಾಡಿ ಕಂಡ ನಮ್ಮ ಹಿರಿಯರಿಗೆ ಎಣ್ಣೆಯ ಮಹತ್ವ ಹೇಳಿಕೊಡಬೇಕಾಗಿಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಗಾಡಿಯೇ ಕಿರುಗುಟ್ಟಿ ಬುದ್ಧಿ ಹೇಳುತ್ತಿತ್ತು. ಕಬ್ಬಿಣದ ಎಂಜಿನ್ ಬಂದ ಹೊಸದರಲ್ಲಿ ಅಮೆರಿಕ, ಯುರೋಪಿನಲ್ಲೂ ಪ್ರಾಣಿಗಳ ಕೊಬ್ಬು, ಗಿಡದ ಎಣ್ಣೆಯನ್ನೇ ಸುರಿಯುತ್ತಿದ್ದರು. ಹಬೆಯ ಬಿಸಿಗೆ ಆ ಕೊಬ್ಬು ಅಂಟಾಗಿ ಕವಾಟಗಳೇ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಆಗ ಬಂದವರು ಡಾ. ಜಾನ್ ಎಲ್ಲಿಸ್. ವೃತ್ತಿಯಲ್ಲಿ ವೈದ್ಯರು. ಕಚ್ಚಾ ಎಣ್ಣೆಯಲ್ಲಿ ಔಷಧಿ ಇದೆಯಾ ಅಂತ ಹುಡುಕುತ್ತಿದ್ದವರು. ಮನುಷ್ಯರಿಗೆ ಔಷಧಿ ಸಿಗಲಿಲ್ಲ, ಎಂಜಿನ್ನಿಗೆ ಸಿಕ್ಕಿತು. 1866ರಲ್ಲಿ ಅವರು ಶುರುಮಾಡಿದ ಕಂಪನಿಯಿಂದಲೇ ಮುಂದೆ ವಾಲ್ವೊಲಿನ್ ಅನ್ನೋ ಹೆಸರು ಹುಟ್ಟಿತು. ವಾಲ್ವ್ ಅಂದರೆ ಕವಾಟ. ಹೆಸರಿನಲ್ಲೇ ಕಥೆ ಇದೆ. ಹಾಗಂತ ಗಿಡದ ಎಣ್ಣೆ ಪೂರ್ತಿ ಮೂಲೆಗೆ ಹೋಗಲಿಲ್ಲ. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ ತನ್ನ ಆಯಿಲಿಗೆ ಸ್ವಲ್ಪ ಕ್ಯಾಸ್ಟರ್ ಆಯಿಲ್ ಬೆರೆಸಿ 'ಕ್ಯಾಸ್ಟ್ರೋಲ್' ಅಂತ ಹೆಸರಿಟ್ಟಿತು. ಕ್ಯಾಸ್ಟರ್ ಆಯಿಲ್ ಅಂದ್ರೆ ಮತ್ತೇನಲ್ಲ, ನಮ್ಮ ಹರಳೆಣ್ಣೆ!

ಈಗ ಅಸಲಿ ವಿಷಯಕ್ಕೆ ಬರೋಣ. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂತು. ಒಂದೂವರೆ ಕೋಟಿ ಕಾರು ಮಾರಾಟವಾದ ಮಾಡೆಲ್ ಅದು. ಅದರಲ್ಲಿ ಆಯಿಲ್ ಪಂಪ್ ಇರಲಿಲ್ಲ. ಆಯಿಲ್ ಫಿಲ್ಟರ್ ಇರಲಿಲ್ಲ. ಮಟ್ಟ ನೋಡೋಕೆ ಡಿಪ್‌ಸ್ಟಿಕ್ ಕೂಡ ಇರಲಿಲ್ಲ. ಗಾಡಿ ಕೆಳಗೆ ಕೈಹಾಕಿ ಎರಡು ಪುಟ್ಟ ನಲ್ಲಿ ತಿರುಗಿಸಿ ನೋಡಬೇಕಿತ್ತು. ಫ್ಲೈವೀಲ್ ತಿರುಗುವಾಗ ಎರಚಿದ ಎಣ್ಣೆ ಎಲ್ಲಿ ಬಿತ್ತೋ ಅಲ್ಲಿಗೆ ನಯ. ಧೂಳು, ಮಸಿ, ಲೋಹದ ಪುಡಿ ಎಲ್ಲವೂ ಅದೇ ಎಣ್ಣೆಯಲ್ಲಿ ಸುತ್ತುತ್ತಿದ್ದವು. ಹಾಗಾಗಿ ಫೋರ್ಡ್ ಮ್ಯಾನುಯಲ್ಲೇ ಹೇಳುತ್ತಿತ್ತು: ಸುಮಾರು 750 ಮೈಲಿಗೊಮ್ಮೆ ಹಳೇ ಎಣ್ಣೆ ಇಳಿಸಿ. ಅಂದರೆ ಸುಮಾರು 1,200 ಕಿ.ಮೀ. ಬೆಂಗಳೂರಿನಿಂದ ಬೀದರಿಗೆ ಹೋಗಿ ಬಂದರೆ ಮುಗೀತು, ಆಯಿಲ್ ಚೇಂಜ್!

ಆವತ್ತಿಗೆ ಆ ನಂಬರ್ ನೂರಕ್ಕೆ ನೂರು ಸರಿ. ಆದರೆ ಎಂಜಿನ್ನೂ ಎಣ್ಣೆಯೂ ಅಲ್ಲೇ ನಿಲ್ಲಲಿಲ್ಲ.

1923ರಲ್ಲಿ ಅಮೆರಿಕದಲ್ಲಿ 'ಪ್ಯುರೊಲೇಟರ್' ಅನ್ನೋ ಆಯಿಲ್ ಫಿಲ್ಟರ್ ಹುಟ್ಟಿತು. ಮರುವರ್ಷವೇ ಕ್ರೈಸ್ಲರ್ ಕಾರಿಗೆ ಫಿಲ್ಟರ್ ಬಂತು. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಪಿಸ್ಟನ್ ರಿಂಗುಗಳು ಮಸಿ ಹಿಡಿದು ಅಂಟಿಕೊಳ್ಳತೊಡಗಿದಾಗ, ಎಣ್ಣೆಗೇ ಡಿಟರ್ಜೆಂಟ್ ಸೇರಿಸುವ ಉಪಾಯ ಹುಟ್ಟಿತು. ಹೌದು, ನಿಮ್ಮ ಎಂಜಿನ್ ಆಯಿಲಿನಲ್ಲಿ ಒಂಥರಾ ಸೋಪು ಇದೆ. ಅದು ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುತ್ತೆ. "ಅಯ್ಯೋ, ಆಯಿಲ್ ಕಪ್ಪಾಗಿದೆ ಸಾರ್" ಅಂತ ಹೆದರಿಸ್ತಾರಲ್ಲ, ಬಟ್ಟೆ ಒಗೆದ ನೀರು ಕಪ್ಪಾಗದೆ ಬೆಳ್ಳಗಿರುತ್ತಾ? ಕಪ್ಪಾಗಿದೆ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಕೆಲಸ ಮಾಡಿದೆ ಅಂತ.

1950ರ ದಶಕದಲ್ಲಿ ಚಳಿಗೂ ಬಿಸಿಲಿಗೂ ಒಂದೇ ಎಣ್ಣೆ ಸಾಕು ಅನ್ನುವ ಮಲ್ಟಿಗ್ರೇಡ್ ಬಂತು. ಡಬ್ಬದ ಮೇಲಿನ 5ಡಬ್ಲ್ಯು-30ರಲ್ಲಿ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. 1970ರ ದಶಕದಲ್ಲಿ ಸಿಂಥೆಟಿಕ್ ಆಯಿಲ್ ಕಾರಿನ ಮಾರುಕಟ್ಟೆಗೆ ಬಂತು. ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಚೋಕ್ ಎಳೆದಾಗ ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಎಣ್ಣೆಗೆ ಸೇರುತ್ತಿದ್ದದ್ದು ಕಡಿಮೆಯಾಯಿತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಇಂಧನದಲ್ಲಿನ ಗಂಧಕ ಸುಟ್ಟು ಆಮ್ಲವಾಗಿ ಎಣ್ಣೆಯನ್ನು ತಿನ್ನುತ್ತೆ; ಬಿಎಸ್-4ರಲ್ಲಿ 50 ಪಿಪಿಎಂ ಇದ್ದ ಗಂಧಕದ ಮಿತಿ 2020ರ ಏಪ್ರಿಲಿನಿಂದ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು.

ಇಷ್ಟೆಲ್ಲಾ ಬದಲಾಯಿತು. ಆದರೆ ಜನರ ಬಾಯಲ್ಲಿದ್ದ ನಂಬರ್? ಅಮೆರಿಕದಲ್ಲಿ ಅದು 3,000 ಮೈಲಿಗೆ ಬಂದು ಕೂತುಬಿಟ್ಟಿತು. ಹೆಚ್ಚುಕಡಿಮೆ ನಮ್ಮ ಐದು ಸಾವಿರ ಕಿ.ಮೀ. ಅಲ್ಲಿ ನಿಮಿಷಗಳಲ್ಲಿ ಆಯಿಲ್ ಬದಲಿಸಿ ಕಳಿಸುವ ಅಂಗಡಿಗಳ ಸರಪಳಿಯೇ ಬೆಳೆಯಿತು. ಮುಂದಿನ ಸಲ ಯಾವಾಗ ಬರಬೇಕು ಅಂತ ಗಾಜಿನ ಮೂಲೆಗೆ ಸ್ಟಿಕ್ಕರ್ ಅಂಟಿಸುವ ಪದ್ಧತಿ ಬಂತು. ಗಿರಾಕಿ ಎಷ್ಟು ಬೇಗ ವಾಪಸ್ ಬಂದರೆ ಅಂಗಡಿಗೆ ಅಷ್ಟು ಲಾಭ. ಮಾರುವವನೇ ಸಲಹೆಗಾರನೂ ಆದಾಗ ನಂಬರ್ ಯಾಕೆ ಕೆಳಗೇ ಉಳಿಯುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ?

ಈ ನಂಬರನ್ನು ಪರೀಕ್ಷೆಗೆ ಒಡ್ಡಿದ್ದು 1996ರಲ್ಲಿ ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ. ನ್ಯೂಯಾರ್ಕಿನ 75 ಟ್ಯಾಕ್ಸಿಗಳಿಗೆ ರೀಬಿಲ್ಡ್ ಮಾಡಿದ ಎಂಜಿನ್ ಕೂರಿಸಿ 60,000 ಮೈಲಿ ಓಡಿಸಿದರು. ಕೆಲವಕ್ಕೆ 3,000 ಮೈಲಿಗೆ, ಇನ್ನು ಕೆಲವಕ್ಕೆ 6,000 ಮೈಲಿಗೆ ಆಯಿಲ್ ಚೇಂಜ್. ಕೊನೆಗೆ ಎಂಜಿನ್ ಬಿಚ್ಚಿ ಸವೆತ ಅಳೆದರೆ, ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ!

ಹಾಗಾದ್ರೆ ಬೇಗ ಬದಲಿಸೋದೆಲ್ಲ ದಂಡನಾ? ನಿಲ್ಲಿ, ಎಡವೋದು ಇಲ್ಲೇ. ಟ್ಯಾಕ್ಸಿಯ ಎಂಜಿನ್ ದಿನವಿಡೀ ಬಿಸಿಯಾಗೇ ಇರುತ್ತೆ. ಬಿಸಿ ಎಂಜಿನ್ನಿನಲ್ಲಿ ಎಣ್ಣೆಗೆ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗುತ್ತೆ. ಆದರೆ ಮಗುವನ್ನು ಸ್ಕೂಲಿಗೆ ಬಿಟ್ಟು ಎರಡು ಕಿಲೋಮೀಟರಿನಲ್ಲಿ ಮನೆಗೆ ವಾಪಸ್ ಬರುವ ಕಾರು? ಅದು ಬಿಸಿಯಾಗುವಷ್ಟರಲ್ಲಿ ಆಫ್. ಆ ನೀರು, ಪೆಟ್ರೋಲ್ ಎಣ್ಣೆಯಲ್ಲೇ ಉಳಿಯುತ್ತೆ.

ಇದನ್ನು ಲೆಕ್ಕಕ್ಕೆ ಇಳಿಸಿದವರು ಜನರಲ್ ಮೋಟಾರ್ಸ್‌ನ ರಸಾಯನ ವಿಜ್ಞಾನಿ ಡಾ. ಶರ್ಲಿ ಶ್ವಾರ್ಟ್ಜ್ ಮತ್ತು ಅವರ ಸಹೋದ್ಯೋಗಿ ಡೊನಾಲ್ಡ್ ಸ್ಮೊಲೆನ್ಸ್ಕಿ. ಬೇರೆಬೇರೆ ರೀತಿ ಓಡಿದ ಕಾರುಗಳ ಎಣ್ಣೆ ಹೇಗೆ ಹಾಳಾಗುತ್ತೆ ಅಂತ ಅಧ್ಯಯನ ಮಾಡಿದರು. ಎಣ್ಣೆಯ ಆಯಸ್ಸನ್ನು ಬರೀ ಕಿಲೋಮೀಟರ್ ಹೇಳಲಾರದು. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಲ್ಲಿ ತಿರುಗಿತು, ಅದು ಹೇಳುತ್ತೆ. ಆ ಲೆಕ್ಕವನ್ನೇ ಕಾರಿನ ಕಂಪ್ಯೂಟರಿಗೆ ಹಾಕಿದರು. 1988ರಲ್ಲಿ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ 'ಆಯಿಲ್ ಲೈಫ್' ಸೂಚಕ ಬಂತು. ಗಮನಿಸಿ, ಅದು ಎಣ್ಣೆಯನ್ನು ಮುಟ್ಟಿ ನೋಡುತ್ತಿರಲಿಲ್ಲ. ನೀವು ಕಾರು ಓಡಿಸುವ ರೀತಿಯನ್ನು ನೋಡುತ್ತಿತ್ತು!

ಇನ್ನೊಂದು ಕಡೆಯ ಪಾಠವೂ ಬೇಕು. 1997ರಿಂದ 2002ರವರೆಗಿನ ಕೆಲವು ಟೊಯೋಟಾ, ಲೆಕ್ಸಸ್ ಕಾರುಗಳ ಎಂಜಿನ್ನಿನಲ್ಲಿ ಎಣ್ಣೆ ಗಟ್ಟಿಯಾಗಿ ಕೆಸರಿನಂತಾದ ದೂರುಗಳು ಬಂದವು. ಆಯಿಲ್ ಸರಿಯಾಗಿ ಬದಲಿಸಿಲ್ಲ ಅಂತ ಕಂಪನಿ. ಬದಲಿಸಿದ್ದೇವೆ ಅಂತ ಮಾಲೀಕರು. ಕೊನೆಗೆ 2002ರಲ್ಲಿ ಕಂಪನಿ ಈ ತೊಂದರೆಗೆ ವಿಶೇಷ ರಿಪೇರಿ ಯೋಜನೆ ಪ್ರಕಟಿಸಿತು. ಅಂಥ ಜಗಳದಲ್ಲಿ ಆಯಿಲ್ ಚೇಂಜ್ ಬಿಲ್ ಜೋಪಾನವಾಗಿ ಇಟ್ಟುಕೊಂಡವರ ಕೈಯಲ್ಲಿ ಸಾಕ್ಷಿ ಇರುತ್ತೆ. ನೀವೂ ಇಟ್ಟುಕೊಳ್ಳಿ.

ಈಗ ನಮ್ಮ ರಸ್ತೆಗೆ ಬನ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತರೆ ಓಡೋಮೀಟರ್ ಕದಲಲ್ಲ, ಎಂಜಿನ್ ಮಾತ್ರ ತಿರುಗ್ತಾನೇ ಇರುತ್ತೆ. ಅದಕ್ಕೇ ಮ್ಯಾನುಯಲ್ಲಿನ ಹಿಂದಿನ ಪುಟಗಳಲ್ಲಿ 'ಸಿವಿಯರ್ ಕಂಡಿಷನ್' ಅನ್ನೋ ಪಟ್ಟಿ ಇರುತ್ತೆ: ಸಣ್ಣ ಓಡಾಟ, ನಿಂತು ಹೊರಡುವ ಟ್ರಾಫಿಕ್, ಧೂಳು, ಭಾರದ ಲೋಡು. ಓದಿ ನೋಡಿ, ನಿಮ್ಮದೇ ದಿನಚರಿ ಬರೆದಂತಿರುತ್ತೆ! ಅಂಥವರಿಗೆ ಅದೇ ಪುಸ್ತಕ ಇನ್ನೂ ಬೇಗ ಬದಲಿಸಿ ಅನ್ನುತ್ತೆ. ಅಂದರೆ ಪಕ್ಕದ ಮನೆಯವರ ಐದು ಸಾವಿರ ಸಿಟಿಯೊಳಗಿನ ಟರ್ಬೊ ಕಾರಿಗೆ ಸರಿಹೋಗಬಹುದು. ದಿನಾ ತುಮಕೂರು ಹೈವೇಯಲ್ಲಿ ಓಡುವ ಕಾರಿಗೆ ಅದು ದುಡ್ಡು ದಂಡ. ಬಿಎಸ್-6 ಡೀಸೆಲ್ ಇದ್ದವರು ಇನ್ನೊಂದು ನೋಡಿಕೊಳ್ಳಿ: ಮಸಿ ಹಿಡಿಯುವ ಡಿಪಿಎಫ್ ಫಿಲ್ಟರನ್ನು ಶುಚಿಗೊಳಿಸಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುವಾಗ ಸ್ವಲ್ಪ ಎಣ್ಣೆಗೂ ಇಳಿಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದರೆ ಖುಷಿಪಡಬೇಡಿ, ಸರ್ವಿಸಿಗೆ ಹೋಗಿ.

ಬೇಡದೇ ಬದಲಿಸಿದರೆ ಹೋಗೋದು ನಿಮ್ಮ ದುಡ್ಡು ಮಾತ್ರ ಅಲ್ಲ. ಒಂದು ಆಯಿಲ್ ಚೇಂಜಿನ ಹಳೇ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಅನ್ನುತ್ತೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ. ಬೇಕಾದಾಗ ಬದಲಿಸದಿದ್ದರೆ ಹೋಗೋದು ಎಂಜಿನ್. ಸಾಲದಲ್ಲಿ ಟ್ಯಾಕ್ಸಿ ಕೊಂಡವನಿಗೆ ಅದು ಎಂಜಿನ್ ಅಲ್ಲ, ಇಡೀ ಮನೆಯ ಅನ್ನ.

750 ಮೈಲಿ ಆವತ್ತಿನ ಎಂಜಿನ್ನಿಗೆ ಸತ್ಯವಾಗಿತ್ತು. ಕಾಲ ಮುಂದೆ ಹೋದರೂ ನಂಬರನ್ನು ಹಿಂದೆಯೇ ಹಿಡಿದು ಕೂತವರು ನಾವು. ಇವತ್ತೇ ಆ ಮ್ಯಾನುಯಲ್ಲಿನ ಪ್ಲಾಸ್ಟಿಕ್ ಕವರ್ ಹರಿಯಿರಿ. ನಿಮ್ಮ ಕಾರು ತಯಾರಿಸಿದವರು ಬರೆದಿದ್ದು ಓದಿ, ನೀವು ಹೇಗೆ ಓಡಿಸ್ತೀರಿ ಅಂತ ಪ್ರಾಮಾಣಿಕವಾಗಿ ಯೋಚಿಸಿ, ಆಮೇಲೆ ಗ್ಯಾರೇಜಿಗೆ ಹೋಗಿ. ಎಷ್ಟು ಕಿಲೋಮೀಟರಿಗೆ ಅಂತ ಅವರು ಕೇಳುವ ಮೊದಲೇ ನೀವೇ ಹೇಳಿ.