ನೆರಳಿನ ಋಣ

ನೀವು ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಬಿಸಿಲು ತಾಳಲಾರದೆ ನಾಲ್ಕು ಹೆಜ್ಜೆ ಹಿಂದೆ ಸರಿದು ಮಳೆಮರವೊಂದರ ಕೆಳಗೆ ನಿಲ್ಲುತ್ತೀರಿ. ಬಸ್ಸು ಬರುತ್ತದೆ, ಹತ್ತಿ ಹೋಗುತ್ತೀರಿ. ಆ ಮರವನ್ನು ನೆಟ್ಟವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಬಹುಮಂದಿಗೆ ಏಳುವುದೇ ಇಲ್ಲ. ಗುಡಿ ಕಟ್ಟಿಸಿದವರ, ಕೆರೆ ತೋಡಿಸಿದವರ ಹೆಸರು ಶಾಸನಗಳಲ್ಲಿ ಉಳಿದಿದೆ. ಬೀದಿಯ ಮರಕ್ಕೆ ಶಾಸನವಿಲ್ಲ. ಆದ್ದರಿಂದ, ಗಿಡಮರಗಳನ್ನು ಬೆಳೆಸುವುದನ್ನೇ ವೃತ್ತಿ ಮಾಡಿಕೊಂಡು, ಆ ವೃತ್ತಿಯ ಮೂಲಕವೇ ತಮಗೆ ಅನ್ನವಿತ್ತ ಊರಿನ ಋಣ ತೀರಿಸಿದ ಕೆಲವರನ್ನು ಇಲ್ಲಿ ನೆನೆಯೋಣ.

ದಾರಿಯ ಬದಿಯಲ್ಲಿ ಸಾಲುಮರ ನೆಡಿಸುವುದು ನಮ್ಮ ನಾಡಿಗೆ ಹೊಸ ಮಾತಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಅಶೋಕ ಚಕ್ರವರ್ತಿ ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ್ದಾಗಿ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಸಾಲುಮರ, ಬಾವಿ, ಅರವಟ್ಟಿಗೆ ಇವು ನಮ್ಮ ಹಿರಿಯರಿಗೆ ಪುಣ್ಯಕಾರ್ಯಗಳಾಗಿದ್ದವು. ಆದರೆ ನಗರದ ಬೀದಿಗೆ ಯಾವ ಮರ ಒಗ್ಗುತ್ತದೆ, ಅದನ್ನು ಹೇಗೆ ಸಾಕಬೇಕು ಎಂಬುದು ಒಂದು ವಿದ್ಯೆಯಾಗಿ ಬೆಂಗಳೂರಿನಲ್ಲಿ ಬೆಳೆದದ್ದು ಲಾಲ್‌ಬಾಗಿನ ಆಶ್ರಯದಲ್ಲಿ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ವಿಸ್ತರಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅದರ ಹೊಣೆ ಹೊತ್ತ ಜಾನ್ ಕ್ಯಾಮೆರಾನ್ ಹೊರದೇಶಗಳ ಅನೇಕ ಸಸ್ಯಗಳನ್ನು ಇಲ್ಲಿ ಬೆಳೆಸಿದರು. ನೀವು ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕಾಣುವ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾದದ್ದು ಅವರ ಕಾಲದಲ್ಲಿಯೇ.

ಕ್ಯಾಮೆರಾನ್ ನಂತರ, 1908ರಲ್ಲಿ ಬಂದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪ 1865ರಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, ಬಳಿಕ ಬರೋಡ ಸಂಸ್ಥಾನದ ತೋಟಗಳನ್ನು ನೋಡಿಕೊಂಡಿದ್ದರು. ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಯ ತೋಟ ಅಂದವಾಗಿದ್ದರೆ ಸಾಕು ಎಂದುಕೊಳ್ಳುವ ಜಾಯಮಾನ ಕ್ರುಂಬಿಗಲ್ ಅವರದಲ್ಲ. ಬೀದಿಯಲ್ಲಿ ನಡೆಯುವ ಸಾಮಾನ್ಯನಿಗೂ ತೋಟದ ಸೊಗಸು ಸಿಗಬೇಕೆಂಬ ಹಂಬಲ ಅವರದು. ಒಂದು ಜಾತಿಯ ಮರದ ಹೂವು ಉದುರುವ ವೇಳೆಗೆ ಇನ್ನೊಂದು ಜಾತಿ ಹೂ ಬಿಡುವಂತೆ ಮರಗಳನ್ನು ಆರಿಸಿ, ವರ್ಷವಿಡೀ ಊರಿನಲ್ಲಿ ಎಲ್ಲಾದರೊಂದು ಕಡೆ ಹೂವು ಕಾಣುವಂತೆ ಅವರು ಯೋಜಿಸಿದರು. ಮಾರ್ಚಿಯಲ್ಲಿ ಜಕರಂಡದ ನೀಲಿ, ಏಪ್ರಿಲ್-ಮೇ ತಿಂಗಳಲ್ಲಿ ಗುಲ್‌ಮೊಹರಿನ ಕೆಂಪು, ಮಳೆಗಾಲ ಮುಗಿಯುತ್ತಲೇ ಆಕಾಶಮಲ್ಲಿಗೆಯ ಪರಿಮಳ, ಇವುಗಳನ್ನು ನೀವು ಕಂಡಿದ್ದರೆ ಆ ಯೋಚನೆಯ ಫಲವನ್ನು ಉಂಡಿದ್ದೀರಿ ಎಂದೇ ಅರ್ಥ.

ತೋಟದ ವಿದ್ಯೆ ಸರ್ಕಾರಿ ಕಚೇರಿಯಲ್ಲೇ ಉಳಿಯದೆ ನಾಗರಿಕರ ಕೈಗೂ ದಾಟಬೇಕೆಂದು 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಸ್ಥಾಪನೆಯಾಯಿತು. ಅದರ ಹಿಂದೆಯೂ ಕ್ರುಂಬಿಗಲ್ ಇದ್ದರು. 1932ರಲ್ಲಿ ನಿವೃತ್ತರಾದ ಮೇಲೆ ಅವರು ತವರಿಗೆ ಮರಳಲಿಲ್ಲ. ಈ ಊರಿನಲ್ಲೇ ನೆಲೆಸಿ 1956ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು. ಅವರ ಸ್ಥಾನಕ್ಕೆ ಬಂದವರು ಎಚ್.ಸಿ. ಜವರಾಯ. ಅವರ ತರುವಾಯ ಲಾಲ್‌ಬಾಗನ್ನು ನಡೆಸಿದ ಎಂ.ಎಚ್. ಮರಿಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆದು, ಒಳ್ಳೆಯ ಸಸಿ ರೈತನ ಕೈಗೆಟುಕುವಂತೆ ಮಾಡಿದರು.

ಇಷ್ಟು ಹೇಳುವಾಗ ಹೆಸರಿಲ್ಲದವರನ್ನು ಮರೆಯಬಾರದು. ಗುಂಡಿ ತೋಡಿದವರು, ಗೊಬ್ಬರ ಹೊತ್ತವರು, ಬೇಸಿಗೆಯಲ್ಲಿ ಕೊಡ ಹಿಡಿದು ಸಸಿಗಳಿಗೆ ನೀರೆರೆದವರು ಕೂಲಿಯ ಮಾಲಿಗಳು. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳ ಜನರ ಕೈಗುಣವನ್ನು ಬಿಟ್ಟು ಈ ಊರಿನ ತೋಟಗಳ ಚರಿತ್ರೆ ಬರೆಯಲಾಗದು.

ಊರು ಬೆಳೆಯಿತು. ಹೊಸ ಬಡಾವಣೆಗಳು ಬೋಳಾಗಿ ನಿಂತವು. 1982ರಲ್ಲಿ, ಆರ್. ಗುಂಡೂರಾವ್ ಮುಖ್ಯಮಂತ್ರಿಗಳಾಗಿದ್ದಾಗ, ನಗರಕ್ಕೆ ಹಸಿರು ಹೊದಿಸುವ ಕೆಲಸ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಪಾಲಿಗೆ ಬಂತು. ಕಾಡು ನೋಡಿಕೊಂಡಿದ್ದ ಅಧಿಕಾರಿಗೆ ಬೀದಿಯ ಸಮಸ್ಯೆಗಳೇ ಬೇರೆ. ಕಾಡಿನಲ್ಲಿ ನೆಟ್ಟ ಸಸಿಗೆ ವಿದ್ಯುತ್ ತಂತಿಯ ಭಯವಿಲ್ಲ. ಬೀದಿಯಲ್ಲಿ ಮೇಲೆ ತಂತಿ, ಕೆಳಗೆ ನೀರಿನ ಕೊಳವೆ, ಪಕ್ಕದಲ್ಲಿ ಹಸು, ಮೇಕೆ. ಇವೆಲ್ಲವನ್ನೂ ಎದುರಿಸಿ ಸುಮಾರು ಐದು ವರ್ಷಗಳಲ್ಲಿ 15 ಲಕ್ಷ ಸಸಿಗಳನ್ನು ನೆಡಿಸಿದರು. ಅವರು ನೌಕರಿ ಮುಗಿದ ಮೇಲೆಯೂ ಸುಮ್ಮನೆ ಕೂರದೆ ಮರಗಳ ಕುರಿತು ದೊಡ್ಡ ಗ್ರಂಥಗಳನ್ನು ಬರೆದು, 2021ರಲ್ಲಿ ನಿಧನರಾದರು.

ಇವರೆಲ್ಲರಿಗೂ ಸಂಬಳವಿತ್ತು, ಇದು ನಿಜ. ಆದರೆ ಸಂಬಳ ಸಂದದ್ದು ಆ ದಿನದ ದುಡಿಮೆಗೆ. ಮುಂದಿನ ಐವತ್ತು ವರ್ಷಗಳ ನೆರಳಿಗೆ ಯಾರೂ ಅವರಿಗೆ ಹಣ ಕೊಡಲಿಲ್ಲ. ಅದು ಅವರು ಊರಿಗೆ ಬಿಟ್ಟುಹೋದ ಕಾಣಿಕೆ.

ಆ ಕಾಣಿಕೆಯನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಒಮ್ಮೆ ನಿಮ್ಮ ಬೀದಿಯನ್ನೇ ನೋಡಿ. ಕಾಂಡದ ಬುಡದವರೆಗೂ ಕಾಂಕ್ರೀಟು, ಮೈತುಂಬ ಜಾಹೀರಾತಿನ ಮೊಳೆ. ಬೇರಿಗೆ ನೀರೂ ಗಾಳಿಯೂ ಇಳಿಯಲು ಎಡೆಯಿಲ್ಲ. ತಂತಿಗೆ ತಾಗಿತೆಂದು ಒಂದೇ ಮಗ್ಗುಲಿನ ಕೊಂಬೆಗಳನ್ನೆಲ್ಲ ಸವರಿದರೆ ಮರದ ಭಾರ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಚರಂಡಿಗಾಗಿ ಬೇರು ಕತ್ತರಿಸಿದರೆ ಮರಕ್ಕೆ ಹಿಡಿತ ತಪ್ಪುತ್ತದೆ. ಮುಂಗಾರು ಪೂರ್ವದ ಗಾಳಿಮಳೆಗೆ ಅದು ಉರುಳಿದಾಗ ನಾವು ಮರವನ್ನೇ ದೂರುತ್ತೇವೆ.

ಕೊಂಬೆ ಕಡಿಯುವುದರಲ್ಲೂ ಒಂದು ಕ್ರಮವಿದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಸಣ್ಣ ಉಬ್ಬು ಇರುತ್ತದೆ. ಗಾಯವನ್ನು ಮುಚ್ಚಿಕೊಳ್ಳುವ ಶಕ್ತಿ ಮರಕ್ಕೆ ಇರುವುದು ಅಲ್ಲಿಯೇ. ಉಬ್ಬಿಗೆ ಏಟು ಬೀಳದಂತೆ, ಅದರ ಹೊರಗಡೆ ಒತ್ತಾಗಿ ಗರಗಸದಿಂದ ಕೊಯ್ದರೆ ಗಾಯ ತಾನಾಗಿ ಮಾಯುತ್ತದೆ. ಮೊಂಡು ಬಿಟ್ಟು ಕಡಿದರೆ ಅದು ಕೊಳೆತು, ಕೊಳೆ ಕಾಂಡದೊಳಕ್ಕೆ ಇಳಿಯುತ್ತದೆ. ಇದನ್ನು ಬಲ್ಲವರನ್ನೇ ಕರೆಸಬೇಕು. ಅನುಮತಿಯಿಲ್ಲದೆ ಮರ ಕಡಿಯದಂತೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಆದರೆ ಬುಡಕ್ಕೆ ಕಾಂಕ್ರೀಟು ಸುರಿಯುವ ದಿನ ಅಲ್ಲಿ ನಿಂತು ಬೇಡವೆನ್ನಬೇಕಾದವರು ಆ ಬೀದಿಯವರೇ.

ನಿಮ್ಮ ಮನೆಯ ಮುಂದಿನ ಮರದ ಸುತ್ತ ಒಂದೆರಡು ಅಡಿ ಮಣ್ಣು ಬಿಡಿಸಿ. ಮೊಳೆ ಕೀಳಿಸಿ. ಈ ವರ್ಷ ನೆಟ್ಟ ಸಸಿಯಿದ್ದರೆ ಮುಂದಿನ ಎರಡು ಬೇಸಿಗೆ ಅದಕ್ಕೆ ನೀರು ಹನಿಸಿ. ಅದರ ನೆರಳಿನಲ್ಲಿ ಬಸ್ಸಿಗೆ ಕಾಯುವವರು ನಿಮ್ಮ ಮೊಮ್ಮಕ್ಕಳಿರಬಹುದು, ಇನ್ನಾರೋ ಇರಬಹುದು. ನೆಟ್ಟವರು ಯಾರೆಂದು ಅವರೂ ಕೇಳಲಾರರು. ಮರವಂತೂ ಅಲ್ಲಿರುತ್ತದೆ.